ಅಕ್ಕ ಎಳೆದ ಗೀಟುಗಳು

ಅಕ್ಕನ ಮಗಳನ್ನು ದೇವದುರ್ಗದಿಂದ ರಾಯಚೂರಿಗೆ ಕರೆದೊಯ್ದ ಆ ಬೇಸಿಗೆಯಲ್ಲಿ ರಾಯಚೂರಿಗೆ ರಾಯಚೂರೇ ಹೊಟ್ಟೆ ಹಿಡಿದುಕೊಂಡು ಕೂತಿತ್ತು. 2022ರ ಮೇ ಕೊನೆ, ಜೂನ್ ಮೊದಲು. ನಲ್ಲಿಯಲ್ಲಿ ಬಂದ ಕೆಟ್ಟ ನೀರು ಕುಡಿದು ವಾಂತಿ-ಭೇದಿ ಹತ್ತಿ ಓಣಿ ಓಣಿಯ ಜನ ದವಾಖಾನೆ ಸೇರಿದ್ದರು. ಸತ್ತವರೂ ಇದ್ದರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶ ಮಾಡಿ, ಸತ್ತವರ ಮನೆಯವರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿದರು. ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ಜನ ನೀರು ಕುಡಿದು ಸಾಯಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಆ ಗದ್ದಲದ ನಡುವೆ ಇನ್ನೇನು ಕಣ್ತಪ್ಪಿ ಹೋಗಲಿದ್ದ ನಮ್ಮ ಹುಡುಗಿಯ ಸಂಗತಿ.

ಅಕ್ಕನನ್ನು ಕೊಟ್ಟದ್ದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ. ನಾನು ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರ, ಅವ್ವ ನನ್ನ ಜೊತೆಗೇ ಇರುತ್ತಾಳೆ. ಅಕ್ಕನ ಮಗಳು ಅದರ ಹಿಂದಿನ ವರ್ಷ ದೇವದುರ್ಗದಲ್ಲಿ ಡಿಗ್ರಿಗೆ ಸೇರಿದ್ದಳು. ದೀಪಾವಳಿಗೆ ನಮ್ಮ ಮನೆಗೆ ಬಂದಾಗಲೇ ಅವಳ ಹೊಟ್ಟೆ ಸರಿ ಇರಲಿಲ್ಲ. ಊಟಕ್ಕೆ ಕೂತವಳು ನಡುವೆ ಎದ್ದು ಹೋಗುತ್ತಿದ್ದಳು. ಹಬ್ಬದ ಊಟ ಹೆಚ್ಚಾಯಿತು ಅಂದರು. ಸಂಕ್ರಾಂತಿಗೆ ಕಡಲಿಕಾಯಿ ತಿಂದದ್ದು ಆಗಿಬರಲಿಲ್ಲ ಅಂದರು. ಯುಗಾದಿಯ ಹೊತ್ತಿಗೆ ಕಾಲೇಜು ಬಿಟ್ಟಿದ್ದಳು. ಓದಿನ ಮೇಲೆ ಮನಸ್ಸಿಲ್ಲ ಅಂತ ಭಾವ ಬೈದ. ಖರೆ ಸಂಗತಿ ಬೇರೆ ಇತ್ತು: ಊರಿಂದ ದೇವದುರ್ಗದವರೆಗೆ ಬಸ್ಸಿನಲ್ಲಿ ತಡೆದುಕೊಂಡು ಕೂಡುವುದು ಅವಳ ಕೈಲಿ ಆಗುತ್ತಿರಲಿಲ್ಲ. ಅದನ್ನು ಅಪ್ಪನ ಮುಂದೆ ಯಾವ ಹುಡುಗಿ ಹೇಳುತ್ತಾಳೆ?

ಔಷಧ ಮಾಡಿಸಲಿಲ್ಲ ಅಂತ ಅಲ್ಲ. ಹಳ್ಳಿಯಲ್ಲಿ ಸೂಜಿ ಮಾಡುವವರು ಸೂಜಿ ಮಾಡಿದರು, ಸಲೈನ್ ಹಚ್ಚಿದರು. ಒಬ್ಬರು ಆಮಶಂಕೆ ಅಂತ ಗುಳಿಗೆ ಕೊಟ್ಟರು, ನಾಕು ದಿನ ಕಡಿಮೆ ಆದಂಗೆ ಆಗಿ ಮತ್ತೆ ಮೊದಲಿನಂತೆಯೇ. ರಕ್ತ ಬೀಳುವ ಮಾತನ್ನು ಅಕ್ಕ ಹೇಗೋ ಪತ್ತೆ ಹಚ್ಚಿ ಹೇಳಿದ ಮೇಲೆ ಮೂಲವ್ಯಾಧಿ ಅಂತ ನಾಟಿ ಔಷಧ ಕುಡಿಸಿದರು. ಈ ನಡುವೆ ಅವಳಿಗೆ ಮೊಣಕಾಲು ಹಿಡಿದುಕೊಳ್ಳತೊಡಗಿತು. ಮೊಣಕಾಲ ಕೆಳಗೆ ಕೆಂಪು ಗಂಟುಗಳು ಎದ್ದವು, ಮುಟ್ಟಿದರೆ ನೋವು. ಕಾಲಿಗೂ ಹೊಟ್ಟೆಗೂ ಸಂಬಂಧ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಕಾಲಿಗೆ ಬೇರೆ ನೋವಿನ ಸೂಜಿ, ಬೇರೆ ಗುಳಿಗೆ ನಡೆದವು. ಹೊಟ್ಟೆಯನ್ನು ಇನ್ನಷ್ಟು ಕೆಡಿಸುತ್ತಿದ್ದುದೇ ಆ ನೋವಿನ ಗುಳಿಗೆ ಎಂದು ಆಮೇಲೆ ಗೊತ್ತಾಯಿತು.

ಮನೆಯ ಹಿಂದೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಶೌಚಾಲಯ ಇತ್ತು, ಅದಕ್ಕೆ ನೀರು ಇರಲಿಲ್ಲ. ರಾತ್ರಿ ಚೆರಗಿ ಹಿಡಿದು ಬಯಲಕಡೆಗೆ ಹೋಗಬೇಕು, ಜೊತೆಗೆ ಅಕ್ಕ ಏಳಬೇಕು. ತನ್ನವ್ವನ ನಿದ್ದೆ ಕೆಡಿಸಬಾರದೆಂದು ಆ ಹುಡುಗಿ ಸಂಜೆ ಊಟ ಬಿಟ್ಟುಬಿಟ್ಟಿದ್ದಳು. ಹೊಟ್ಟೆಗೆ ಹಾಕದಿದ್ದರೆ ಏಳುವ ಕೆಲಸ ಕಡಿಮೆ ಅನ್ನುವುದು ಅವಳ ಲೆಕ್ಕ. ಮೈ ಇಳಿದದ್ದು ಹೀಗೆ, ರೋಗದಿಂದ ಅರ್ಧ, ಉಪವಾಸದಿಂದ ಅರ್ಧ.

ನಮ್ಮ ಮಾನ್ವಿ ಸೀಮೆಯಲ್ಲಿ ಹೊಟ್ಟೆಬೇನೆಯ ಮಾತು ಬಂದರೆ ಒಂದು ಕಥೆ ಬಂದೇ ಬರುತ್ತದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರದು. ದಾಸರಾಗುವ ಮುಂಚೆ ಅವರು ಶ್ರೀನಿವಾಸಾಚಾರ್ಯರು, ದೊಡ್ಡ ಪಂಡಿತರು. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ಖರೇನೇ ಹೊಟ್ಟೆಶೂಲೆ ಹಿಡಿದು ಜೀವ ಹೋಗುವ ಹಾಗಾಯಿತು. ವಿಜಯದಾಸರ ಬಳಿ ಬಂದರೆ ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ನಮ್ಮ ಅಕ್ಕನ ತಾಲ್ಲೂಕಿನವರೇ, ದೇವದುರ್ಗದ ಮೊಸರಕಲ್ಲಿನಲ್ಲಿ ಹುಟ್ಟಿದವರು. ಅವರು ಜೋಳದ ರೊಟ್ಟಿ ಕೊಟ್ಟು ಬೇನೆ ಕಳೆದರು, ತಮ್ಮ ಆಯುಷ್ಯದಲ್ಲಿ 40 ವರ್ಷ ಎತ್ತಿ ಕೊಟ್ಟರು ಎಂಬುದು ಐತಿಹ್ಯ. ಮಾನ್ವಿಯ ದಾಸರ ಗುಡಿಗೆ ಕರೆದುಕೊಂಡು ಹೋಗಿ ಆ ಹುಡುಗಿಯನ್ನು ಕಂಬದ ಮುಂದೆ ಕೂಡಿಸಿದವಳು ನಮ್ಮವ್ವ. ಆದರೆ ಅದೇ ಅವ್ವ, ಅದೇ ಕಥೆ ಹಿಡಿದು ಅಕ್ಕನಿಗೆ ಫೋನಿನಲ್ಲಿ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: "ವಿಜಯದಾಸರಂಥವ್ರು ಸುದ್ದಾ, ನನ್ನ ಕಡಿ ಕುಂದ್ರು ಅನ್ನಲಿಲ್ಲ, ಗೋಪಾಲದಾಸರ ಕಡಿ ಹೋಗು ಅಂದ್ರು. ನೀ ಏನ್ ಆ ಸೂಜಿ ಮಾಡೋರ ಮನಿ ಬಾಗಲದಾಗ ಕುಂತೀದಿ? ದೊಡ್ಡ ದವಾಖಾನಿಗಿ ಕರ್ಕೊಂಡು ನಡಿ."

ಅಕ್ಕ ಹೂಂ ಅಂದಳು, ಬಿತ್ತನೆ ಮುಗಿಯಲಿ ಅಂದಳು. ಬಿತ್ತನೆಯವರೆಗೆ ರೋಗ ಕಾಯಲಿಲ್ಲ.

ಒಂದು ರಾತ್ರಿ ಹುಡುಗಿಗೆ ಜ್ವರ ಏರಿತು, ಹೊಟ್ಟೆ ಕಡಿತ ತಡೆಯದಾಯಿತು, ಹೋದಾಗಲೆಲ್ಲ ರಕ್ತ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಅಕ್ಕನ ಫೋನ್ ಬಂದದ್ದೇ ನಾನು ಗೆಳೆಯನ ಗಾಡಿ ತೆಗೆದುಕೊಂಡು ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆ. ಅಷ್ಟರಲ್ಲಿ ತಾಲ್ಲೂಕು ದವಾಖಾನೆಯಲ್ಲಿ ಸಲೈನ್ ಹಚ್ಚಿದ್ದರು. ಅಲ್ಲಿನ ಡಾಕ್ಟರು ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತ ಇಲ್ಲ, ಇಲ್ಲಿ ಇಟ್ಕೊಂಡ್ರ ತಪ್ಪಾಗ್ತೈತಿ" ಅಂತ ಚೀಟಿ ಬರೆದು 108ಕ್ಕೆ ಹೇಳಿದರು. ಆ ಚೀಟಿಯ ಬೆಲೆ ಆಮೇಲೆ ತಿಳಿಯಿತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು, ಆದರೆ ತುರ್ತು ಸ್ಥಿತಿ ಬಿಟ್ಟರೆ ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ ಇಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ.

ದೇವದುರ್ಗದಿಂದ ರಾಯಚೂರು 50 ಕಿಲೋಮೀಟರಿಗೂ ಮಿಗಿಲು. ಗಬ್ಬೂರು ದಾಟುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಗಾಡಿ ನಿಲ್ಲಿಸಿ ಅಂತ ಹುಡುಗಿ ಕೈ ಮಾಡಿದಳು. ರಸ್ತೆ ಬದಿಗೆ ಒಂದು ಗಿಡ ಇಲ್ಲ, ಮರೆ ಇಲ್ಲ, ಉತ್ತು ಬಿಟ್ಟ ಕಪ್ಪು ಹೊಲ ಕಣ್ಣು ಹಾಯುವವರೆಗೆ. ಅಕ್ಕ ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು ರಸ್ತೆಗೆ ಬೆನ್ನು ಮಾಡಿ ನಿಂತಳು. ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ ನಿಂತವನು ಆಂಬ್ಯುಲೆನ್ಸಿನ ಹುಡುಗ. ಅವನ ವಯಸ್ಸೂ ನಮ್ಮ ಹುಡುಗಿಯಷ್ಟೇ ಇದ್ದೀತು. "ಅವಸರ ಮಾಡಬ್ಯಾಡ ತಂಗಿ, ನಾವ್ ಇರ್ತೀವಿ" ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಸಾಯುವತನಕ ಋಣಿ.

ರಾಯಚೂರಿನ ದವಾಖಾನೆಯ ಬಾಗಿಲಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿದ್ದರು. ಒಂದು ಮಂಚಕ್ಕೆ ಎರಡು ಮಕ್ಕಳು. ಹೆಸರು ಬರೆದುಕೊಳ್ಳುವವರ ಪ್ರಶ್ನೆಗಳು ಎಲ್ಲರಿಗೂ ಅವೇ: ಯಾವ ವಾರ್ಡು, ನಲ್ಲಿ ನೀರು ಕುಡಿದಿರೇನು, ಎಷ್ಟು ಸಲ ಹೋಯಿತು? ನಾವು ದೇವದುರ್ಗದ ಕಡೆಯವರು ಅಂದರೂ ಅದೇ ಸಾಲಿಗೆ ಹಾಕಿದರು. ಅವರನ್ನು ನಾನು ದೂರುವುದಿಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಅಷ್ಟು ಜನರ ಜೀವ ಹಿಡಿದು ನಿಲ್ಲಿಸುತ್ತಿದ್ದವರು ಅವರು. ಆದರೆ ಆ ಸಾಲಿನಲ್ಲಿ ನಮ್ಮ ಹುಡುಗಿಯೂ ಎರಡು ದಿನ ಸಲೈನ್ ಹಾಕಿ ಮನೆಗೆ ಕಳಿಸುವ ಒಂದು ಕೇಸು ಆಗಿಬಿಟ್ಟಿದ್ದಳು.

ಮಧ್ಯಾಹ್ನದ ಪಾಳಿಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಬಂದರು. ಬಳ್ಳಾರಿ ಕಡೆಯ ಮಾತು. ನಾಡಿ ಹಿಡಿದು ನೋಡಿದರು, ಚಾರ್ಟು ನೋಡಿದರು, ಮುಂದಿನ ಮಂಚಕ್ಕೆ ಹೋಗುವವರು ತಿರುಗಿ ನಿಂತು ಕೇಳಿದರು: "ಎಷ್ಟು ದಿನದಿಂದ ಹಿಂಗ ಆಗ್ಯಾದವ್ವಾ?"

ಅಷ್ಟು ತಿಂಗಳಲ್ಲಿ ಎಷ್ಟು ಸಲ ಅಂತ ಎಲ್ಲರೂ ಕೇಳಿದ್ದರು. ಎಷ್ಟು ದಿನದಿಂದ ಅಂತ ಕೇಳಿ, ಉತ್ತರಕ್ಕೆ ನಿಂತವರು ಅವರೊಬ್ಬರೇ. ಅಕ್ಕ "ದೀಪಾವಳಿಯಿಂದ" ಅಂದ ಕೂಡಲೇ ಡಾಕ್ಟರು ಮಂಚದ ಅಂಚಿಗೆ ಕೂತುಬಿಟ್ಟರು. ನನ್ನ ಕಡೆ ನೋಡಿ, "ಸರ್, ನೀವು ಸ್ವಲ್ಪ ಹೊರಗ ನಿಂದರ್ರಿ" ಅಂದರು. ಒಳಗೆ ಏನು ಮಾತಾಯಿತೋ, ಅಕ್ಕ ಆಮೇಲೆ ಹೇಳಿದಳು: ರಕ್ತ ಸಂಕ್ರಾಂತಿಗಿಂತ ಮುಂಚಿನಿಂದಲೇ ಬೀಳುತ್ತಿತ್ತು, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿತ್ತು, ಬಟ್ಟೆ ಕೆಟ್ಟದ್ದೂ ಉಂಟು. ತಾಯಿಗೂ ಹೇಳದ್ದನ್ನು ಹುಡುಗಿ ಆ ಡಾಕ್ಟರ ಮುಂದೆ ಹೇಳಿ ಅತ್ತಳಂತೆ. ಡಾಕ್ಟರು ಅವಳ ಬಾಯಿ ತೆಗೆಸಿ ಹುಣ್ಣು ನೋಡಿದರು, ಮೊಣಕಾಲ ಕೆಳಗಿನ ಗಂಟುಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಅಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತಂದಿದ್ದ ಹಳೆಯ ಚೀಟಿಗಳನ್ನು ಮಂಚದ ಮೇಲೆ ಹರಡಿ ಒಂದೊಂದೇ ಓದಿ ಮೊದಲು ನಿಲ್ಲಿಸಿದ್ದು ನೋವಿನ ಗುಳಿಗೆಯನ್ನು. ಬಾಯಿ, ಕಾಲು, ಹೊಟ್ಟೆ ಮೂರೂ ಒಂದೇ ರೋಗದ ಮಾತು ಆಡುತ್ತಿವೆ ಎಂದು ಆ ಹೊತ್ತು ಮೊದಲ ಬಾರಿಗೆ ಕೇಳಿದೆವು.

ಅವತ್ತೇ ಪರೀಕ್ಷೆಗಳು ಶುರುವಾದವು. ಹಿಮೋಗ್ಲೋಬಿನ್ 7ರ ಆಸುಪಾಸು. ಸಿಆರ್‌ಪಿ, ಇಎಸ್‌ಆರ್ ಎರಡೂ ಏರಿದ್ದವು, ಮೈಯೊಳಗೆ ಎಲ್ಲೋ ಉರಿಯೂತ ಇದೆ ಎಂಬ ಗುರುತು. ಮಲದ ಡಬ್ಬಿ ಕೈಗೆ ಕೊಟ್ಟಾಗ ಹುಡುಗಿ ನಾಚಿ ಗೋಡೆಗೆ ಮುಖ ಮಾಡಿದಳು. ಡಾಕ್ಟರು ಬಿಡಲಿಲ್ಲ. ಅದರಲ್ಲಿ ಅಮೀಬಾ ಇದೆಯೋ ಇಲ್ಲವೋ ನೋಡಲೇಬೇಕು. ಎದೆಯ ಎಕ್ಸ್‌ರೇ ಮಾಡಿ ಟಿಬಿಯ ಗುರುತು ಇದೆಯೋ ಇಲ್ಲವೋ ಅದನ್ನೂ ನೋಡಬೇಕು. ಯಾಕೆಂದರೆ ಕೊಡಬೇಕೆಂದಿದ್ದ ಔಷಧ ಸ್ಟೀರಾಯ್ಡ್. ಕರುಳಲ್ಲಿ ಅಮೀಬಾ ಇದ್ದವರಿಗೆ ಅದನ್ನು ಕೊಟ್ಟರೆ ಕರುಳು ತೂತು ಬೀಳಬಹುದು. ಟಿಬಿ ಇದ್ದವರಿಗೆ ಕೊಟ್ಟರೆ ಟಿಬಿ ಮೈತುಂಬ ಹಬ್ಬಬಹುದು. ನಮ್ಮ ದೇಶದಲ್ಲಿ ಕರುಳಿನ ಟಿಬಿ ಬಹಳ, ಕರುಳಿನ ಬೇರೆ ದೀರ್ಘ ರೋಗಗಳ ವೇಷ ಹಾಕಿಕೊಂಡೇ ಅದು ಬರುತ್ತದೆ. ಟಿಬಿ ಅನ್ನುವ ಎರಡಕ್ಷರ ಕೇಳಿ ಭಾವ ಅಂಗಳದಲ್ಲಿ ಕುಸಿದು ಕೂತ. ಅವನಿಗೆ ಹೆದರಿಕೆ ರೋಗದ್ದಲ್ಲ, ಊರಿಗೆ ಗೊತ್ತಾದರೆ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ ಅನ್ನುವುದು.

ಹೊಟ್ಟೆಯ ಎಕ್ಸ್‌ರೇ ಬೇರೆ. ದೊಡ್ಡ ಕರುಳು ಉಬ್ಬಿ 6 ಸೆಂಟಿಮೀಟರ್ ಅಗಲ ಮುಟ್ಟಿದರೆ ಒಡೆಯುವ ಅಪಾಯ, ಸರ್ಜನ್‌ನನ್ನು ಕೂಡಲೇ ಕರೆಯಬೇಕು. ನಮ್ಮ ಪುಣ್ಯ, ಅಷ್ಟು ಉಬ್ಬಿರಲಿಲ್ಲ. ಪೂರ್ತಿ ಕೊಲೊನೋಸ್ಕೋಪಿ ಆಗ ಮಾಡಲಿಲ್ಲ. ಅಷ್ಟು ಹುಣ್ಣಾದ ಕರುಳಲ್ಲಿ ಕೊಳವೆಯನ್ನು ಪೂರ್ತಿ ಹಾಯಿಸುವುದು ಅಪಾಯ ಅಂತ, ಗುದದ್ವಾರದ ಹತ್ತಿರದ ಭಾಗವನ್ನಷ್ಟೇ ನೋಡಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಪರದೆಯ ಮೇಲೆ ಕಂಡದ್ದನ್ನು ಹಿರಿಯ ಡಾಕ್ಟರು ನನಗೂ ತೋರಿಸಿದರು. ನುಣ್ಣಗೆ ಇರಬೇಕಾದ ಗೋಡೆ ಕೆಂಪಗೆ ಕೆತ್ತಿಹೋಗಿತ್ತು, ಕೊಳವೆ ತಾಗಿದಲ್ಲಿ ರಕ್ತ ಜಿನುಗುತ್ತಿತ್ತು. "ಅಲ್ಸರೇಟಿವ್ ಕೊಲೈಟಿಸ್ ಇದ್ದಂಗ ಕಾಣ್ತದ. ಬಯಾಪ್ಸಿ ಬರಲಿ" ಅಂದರು.

ಅವತ್ತು ರಾತ್ರಿಯೇ ರಕ್ತನಾಳದಲ್ಲಿ ಸ್ಟೀರಾಯ್ಡ್ ಶುರು. ಜೊತೆಗೆ ರಕ್ತ ಏರಿಸಿದರು, ಒಂದು ಬಾಟಲಿ ನಾನೇ ಕೊಟ್ಟೆ. ಇನ್ನೊಂದು ಸೂಜಿಯನ್ನು ಹೊಟ್ಟೆಯ ಚರ್ಮಕ್ಕೆ ಮಾಡತೊಡಗಿದಾಗ ಅಕ್ಕ ನರ್ಸಮ್ಮನ ಕೈ ಹಿಡಿದಳು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಸೂಜಿ ಅದು. ರಕ್ತ ಹರಿದು ಹೋಗುತ್ತಿರುವ ಹುಡುಗಿಗೆ ಇದ್ಯಾಕೆ ಅಂತ ಅವಳ ಪ್ರಶ್ನೆ, ನ್ಯಾಯದ ಪ್ರಶ್ನೆಯೇ. ಕರುಳು ಹೀಗೆ ಉರಿಯುವಾಗ ಕಾಲಿನ, ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತ ಗಡ್ಡೆ ಕಟ್ಟುವ ಭಯ ಹೆಚ್ಚು, ಅದು ಭೇದಿಗಿಂತ ಬೇಗ ಜೀವ ತೆಗೆಯುತ್ತದೆ ಅಂತ ನರ್ಸಮ್ಮ ನಿಂತು ತಿಳಿಸಿ ಹೇಳಿದರು.

"ಮೂರನೇ ದಿನಕ್ಕ ಗೊತ್ತಾಗ್ತದ" ಅಂದಿದ್ದರು ಹಿರಿಯ ಡಾಕ್ಟರು. ಮೂರನೇ ದಿನಕ್ಕೆ ಭೇದಿ ಇಳಿಯದಿದ್ದರೆ ಇದೇ ಔಷಧ ನಂಬಿ ಕೂಡುವಂತಿಲ್ಲ. ಹೈದರಾಬಾದಿಗೆ ಒಯ್ಯಬೇಕು. ಬೇರೆ ದುಬಾರಿ ಔಷಧ, ಅದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳು ತೆಗೆಯುವ ಆಪರೇಷನ್. ಅದಕ್ಕೇ ಎಷ್ಟು ಸಲ ಹೋಯಿತು, ಎಷ್ಟರಲ್ಲಿ ರಕ್ತ ಇತ್ತು, ತಪ್ಪದೆ ಲೆಕ್ಕ ಇಡಿ ಅಂದರು.

ಅಕ್ಕ ಸಾಲೆ ಕಂಡವಳಲ್ಲ, ಸಹಿ ಮಾತ್ರ ಮಾಡುತ್ತಾಳೆ. ನನ್ನ ಜೇಬಿನ ಪೆನ್ನು ಇಸಿದುಕೊಂಡು ಎಕ್ಸ್‌ರೇ ಹಾಕಿಕೊಟ್ಟ ಖಾಕಿ ಲಕೋಟೆಯ ಬೆನ್ನ ಮೇಲೆ ಗೀಟು ಹಾಕತೊಡಗಿದಳು. ಒಂದು ಸಲಕ್ಕೆ ಒಂದು ಗೀಟು. ರಕ್ತ ಇದ್ದರೆ ಗೀಟಿನ ಮೇಲೆ ಅಡ್ಡ ಇನ್ನೊಂದು. ಹೊತ್ತು ಮುಳುಗಿದರೆ ಕೆಳಗೆ ಉದ್ದ ಗೆರೆ ಎಳೆದು ರಾತ್ರಿಯದು ಬೇರೆ. ಮೊದಲ ದಿನದ ಸಾಲು ಲಕೋಟೆಯ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು, ಎಲ್ಲಕ್ಕೂ ಅಡ್ಡಗೀಟು. ಬೆಳಿಗ್ಗೆ ರೌಂಡ್ಸಿಗೆ ಬಂದ ಹಿರಿಯ ಡಾಕ್ಟರು ಚಾರ್ಟಿಗೆ ಕೈ ಹಾಕುವ ಮುಂಚೆ "ಎಲ್ಲೈತಿ ನಿನ್ನ ಕಾಗದ?" ಅಂತ ಅಕ್ಕನನ್ನು ಕೇಳುತ್ತಿದ್ದರು. ಸಂಗಡ ಬಂದ ಕಲಿಯುವ ಹುಡುಗರಿಗೂ ಅದನ್ನೇ ತೋರಿಸಿದರು.

ಆಮೇಲೆ ಈ ರೋಗದ ಬಗ್ಗೆ ಓದುವಾಗ ತಿಳಿಯಿತು, 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ಇಬ್ಬರು ವೈದ್ಯರು ಈ ಕಾಯಿಲೆಗೆ ಸ್ಟೀರಾಯ್ಡ್ ಕೆಲಸ ಮಾಡುತ್ತದೆಂದು ತೋರಿಸಿದ್ದರು. ರೋಗ ಎಷ್ಟು ಜೋರಾಗಿದೆ ಎಂದು ಅಳೆಯಲು ಅವರು ಇಟ್ಟ ಅಳತೆ ಇವತ್ತಿಗೂ ನಡೆಯುತ್ತದೆ: ದಿನಕ್ಕೆ 6 ಅಥವಾ ಅದಕ್ಕೂ ಹೆಚ್ಚು ಸಲ ರಕ್ತಭೇದಿ, ಅದರ ಜೊತೆಗೆ ಜ್ವರ, ನಾಡಿಬಡಿತ 90ರ ಮೇಲೆ, ಹಿಮೋಗ್ಲೋಬಿನ್ 10.5ರ ಕೆಳಗೆ, ಇಎಸ್‌ಆರ್ 30ರ ಮೇಲೆ, ಇವುಗಳಲ್ಲಿ ಒಂದಾದರೂ ಇದ್ದರೆ ಆಸ್ಪತ್ರೆಗೆ ಸೇರಿಸಿಕೊಳ್ಳಲೇಬೇಕಾದ ಸ್ಥಿತಿ. ಆಕ್ಸ್‌ಫರ್ಡಿನವರ ಅಳತೆಯ ಮೊದಲ ಕಲಮು ಎಣಿಕೆಯೇ. ನಮ್ಮಕ್ಕನ ಲಕೋಟೆ ಅದನ್ನೇ ಹೇಳುತ್ತಿತ್ತು.

ಎರಡನೇ ದಿನದ ಸಾಲು ಗಿಡ್ಡದಾಗಲಿಲ್ಲ. ನಾನು ಹೊರಗೆ ಬಂದು ಹೈದರಾಬಾದಿಗೆ ಆಂಬ್ಯುಲೆನ್ಸಿಗೆ ಎಷ್ಟು ಕೇಳುತ್ತಾರೆಂದು ವಿಚಾರಿಸಿದೆ. ಭಾವ ಅಡತಿ ಅಂಗಡಿಗೆ ಹೋಗಿ, ಬರುವ ಸುಗ್ಗಿಯ ಹತ್ತಿಯ ಮೇಲೆ ದುಡ್ಡು ಎತ್ತಿಕೊಂಡು ಬಂದ. ದಾರಿಯಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣದ ಬಳಿ ಶಾಮಿಯಾನ ಹಾಕಿ ಜನ ಕೂತಿದ್ದರು. ರಾಯಚೂರಿಗೆ ಏಮ್ಸ್ ಕೊಡಿ ಅಂತ ಅದೇ ಮೇ 13ರಂದು ಧರಣಿ ಶುರುವಾಗಿತ್ತು. ಐಐಟಿ ನಮಗೆ ಬರಬೇಕಾದದ್ದು ಧಾರವಾಡಕ್ಕೆ ಹೋಯಿತು, ಇದನ್ನಾದರೂ ಬಿಡಬಾರದು ಅನ್ನುವುದು ಅವರ ಮಾತು. ಜೇಬಿನಲ್ಲಿ ಹೈದರಾಬಾದಿನ ಆಂಬ್ಯುಲೆನ್ಸ್ ನಂಬರು ಇಟ್ಟುಕೊಂಡು ಆ ಬ್ಯಾನರ್ ಓದಿದವನಿಗೆ ಆ ಹೋರಾಟ ಯಾಕೆ ಬೇಕು ಎಂದು ಬೇರೆ ಹೇಳಬೇಕಾಗಿರಲಿಲ್ಲ. ರಾಯಚೂರಲ್ಲಿ ರಿಮ್ಸ್ ದವಾಖಾನೆ ಇದೆ, ನವೋದಯ ದವಾಖಾನೆ ಇದೆ, ಒಪೆಕ್ ಎಂದು ಜನ ಕರೆಯುವ ದೊಡ್ಡ ಕಟ್ಟಡ ಇದೆ. ಆದರೂ ರೋಗ ಕೈ ಮೀರಿತು ಅಂದಾಗ ನಮ್ಮ ಜನ ಹಿಡಿಯುವುದು ಹೈದರಾಬಾದಿನ ದಾರಿಯನ್ನೇ. ಬೆಂಗಳೂರು 400 ಕಿಲೋಮೀಟರ್ ದೂರ, ಹೈದರಾಬಾದು ಅದರ ಅರ್ಧ.

ಮೂರನೇ ದಿನ ನಸುಕಿನಲ್ಲಿ ಅಕ್ಕ ನನ್ನನ್ನು ತಟ್ಟಿ ಎಬ್ಬಿಸಿದಳು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಲಗಿದ್ದೆ. ಲಕೋಟೆಯನ್ನು ದೀಪದ ಕೆಳಗೆ ಹಿಡಿದು ರಾತ್ರಿಯ ಸಾಲು ತೋರಿಸಿದಳು. ಮೂರು ಗೀಟು, ಅದರಲ್ಲಿ ಒಂದಕ್ಕೆ ಅಡ್ಡ ಇರಲಿಲ್ಲ. "ಇದು ಬರೇ ನೀರು, ನಾ ಬ್ಯಾಟ್ರಿ ಹಾಕಿ ನೋಡೀನಿ" ಅಂದಳು. ರೌಂಡ್ಸಿನಲ್ಲಿ ಡಾಕ್ಟರು ಗೀಟು ಎಣಿಸಿ, ಸಿಆರ್‌ಪಿ ನೋಡಿ, ಹೈದರಾಬಾದು ಸದ್ಯಕ್ಕೆ ಬೇಡ ಅಂದರು.

ಬಯಾಪ್ಸಿ ಬಂತು, ಟಿಬಿ ಇರಲಿಲ್ಲ. ಕೆಲವು ವಾರದ ಮೇಲೆ, ಕರುಳು ಶಾಂತವಾದ ಮೇಲೆ, ಹೈದರಾಬಾದಿಗೆ ಹೋಗಿ ಪೂರ್ತಿ ಕೊಲೊನೋಸ್ಕೋಪಿ ಮಾಡಿಸಿದೆವು. ಹಿಂದಿನ ರಾತ್ರಿ ಲಾಡ್ಜಿನಲ್ಲಿ ಕೂತು ಹೊಟ್ಟೆ ತೊಳೆಯುವ ಆ ಉಪ್ಪುಪ್ಪು ನೀರನ್ನು ಲೀಟರುಗಟ್ಟಲೆ ಕುಡಿಯುವುದೇ ಪರೀಕ್ಷೆಗಿಂತ ಕಷ್ಟ ಅನ್ನುತ್ತಾಳೆ ಅವಳು. ಇದು ಅಲ್ಸರೇಟಿವ್ ಕೊಲೈಟಿಸ್ಸೇ ಅಂತ ಅಲ್ಲಿ ಖಾತ್ರಿಯಾಯಿತು. ಮೈಯ ಕಾವಲು ವ್ಯವಸ್ಥೆಯೇ ತನ್ನ ಕರುಳಿನ ಮೇಲೆ ತಿರುಗಿಬೀಳುವ ರೋಗ. ಪೂರ್ತಿ ಹೋಗುವುದಿಲ್ಲ, ಔಷಧದಿಂದ ಮಲಗಿಸಿ ಇಡಬಹುದು. ಚೆನ್ನಾಗಿದ್ದೇನೆಂದು ಗುಳಿಗೆ ಬಿಟ್ಟರೆ ಮತ್ತೆ ಏಳುತ್ತದೆ.

ಡಿಸ್ಚಾರ್ಜಿನ ದಿನ ಅಕ್ಕ ಎರಡು ಮಾತು ಕೇಳಿದಳು. ಖಾರ ತಿಂದದ್ದಕ್ಕೆ ಬಂತೇನ್ರಿ? ನಮ್ಮ ಸೀಮೆಯ ತಾಯಿಯ ಬಾಯಲ್ಲಿ ಮೊದಲು ಬರುವ ಪ್ರಶ್ನೆ. ಡಾಕ್ಟರು ಅಲ್ಲ ಅಂದರು, ಹೊಟ್ಟೆ ಕೆಟ್ಟಾಗ ಕಡಿಮೆ ಮಾಡಲಿ, ಖಾರದಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಎರಡನೆಯದನ್ನು ಕೇಳಲು ಅಕ್ಕ ಮಗಳನ್ನು ಹೊರಗೆ ಕಳಿಸಿದಳು. ಡಾಕ್ಟರು ಅವಳನ್ನು ವಾಪಸ್ಸು ಕರೆಸಿ ಅವಳ ಮುಂದೆಯೇ ಹೇಳಿದರು: "ಮದುವಿ ಆಗಬಹುದು, ಮಕ್ಕಳಾಗ್ತಾವ. ರೋಗ ಶಾಂತ ಇದ್ದಾಗ ಬಸಿರಾದ್ರ ಒಳ್ಳೇದು, ಆಗ ಬಂದು ನನ್ನ ಕೇಳು. ಗುಳಿಗಿ ಮಾತ್ರ ಬಿಡಬ್ಯಾಡ."

ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಮತ್ತೆ ಅದೇ ಆಯಿತು. ಕಲುಷಿತ ನೀರು ಕುಡಿದು ಊರ ಜನ ಹಾಸಿಗೆ ಹಿಡಿದರು, ಒಂದು ಮಗು ಹೋಯಿತು. ಆ ಸುದ್ದಿ ಬಂದ ವಾರ ಭಾವ ಅಡತಿ ಸಾಲ ತೀರುವ ಮುಂಚೆಯೇ ಶೌಚಾಲಯದ ಮಾಳಿಗೆಗೆ ಕಪ್ಪು ಸಿಂಟೆಕ್ಸ್ ಏರಿಸಿ ನಲ್ಲಿ ಕೂಡಿಸಿದ, ಕುಡಿಯುವ ನೀರನ್ನು ಕಾಯಿಸಲು ಬೇರೆ ಒಲೆ ಹೂಡಿದ. ಹುಡುಗಿ ಬಿಟ್ಟಿದ್ದ ಡಿಗ್ರಿ ಮುಗಿಸಿದಳು. ಅವಳ ಫೈಲು ಅವಳ ಕೈಯಲ್ಲೇ ಇರುತ್ತದೆ, ಖಾಕಿ ಲಕೋಟೆಯೂ ಅದರಲ್ಲೇ. ರೋಗ ಶುರುವಾಗಿ 8 ವರ್ಷ ಆದ ಮೇಲೆ, ಏನೂ ತೊಂದರೆ ಇಲ್ಲದಿದ್ದರೂ, ಕ್ಯಾನ್ಸರಿನ ಗುರುತು ಇದೆಯೇ ಎಂದು ಕೊಲೊನೋಸ್ಕೋಪಿ ಮಾಡಿಸಿ ನೋಡಿಕೊಳ್ಳುತ್ತಿರಬೇಕು. ಆ ವರ್ಷವನ್ನು ಫೈಲಿನ ಮೊದಲ ಹಾಳೆಯ ಮೇಲೆ ಅವಳೇ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ, 2029. ಏಮ್ಸ್ ಧರಣಿ ಸಾವಿರ ದಿನ ದಾಟಿದಾಗ ಗೆಳತಿಯರ ಜೊತೆ ಹೋಗಿ ಕೂತು ಬಂದಳು. ಯಾಕವ್ವಾ ಅಂತ ಕೇಳಿದ್ದಕ್ಕೆ, "ಮಾಮಾ, 2029ರದ್ದು ನಾ ಇಲ್ಲೇ ಮಾಡಿಸ್ಕೋಬೇಕಂತೀನಿ" ಅಂದಳು.